ಕಂಪ್ಯೂಟರಿನ ತಾಯಿಹಲಗೆ: ಅದನ್ನು ಆರಿಸಿಕೊಳ್ಳುವ ಕ್ರಮ

ಮನೆಯನ್ನು ಕಟ್ಟಿಸುವವರು ಗೋಡೆಯ ಬಣ್ಣವನ್ನೂ ಬಾಗಿಲಿನ ಕೆತ್ತನೆಯನ್ನೂ ಕುರಿತು ಬಹುಕಾಲ ಆಲೋಚಿಸುವರು. ತಳಹದಿಯ ವಿಷಯದಲ್ಲಿ ಮಾತ್ರ ಮೇಸ್ತ್ರಿಯು ಹೇಳಿದ್ದನ್ನು ಕೇಳಿ ಸುಮ್ಮನಾಗುವರು. ಆದರೆ ಮಳೆ ಸುರಿದು ಪ್ರವಾಹವು ಬಂದಾಗ ಮನೆಯನ್ನು ಕಾಯುವುದು ಬಣ್ಣವಲ್ಲ, ತಳಹದಿಯೇ. ಬಂಡೆಯ ಮೇಲಿನ ಮನೆಯ ಸಾಮ್ಯವನ್ನು ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿದ ಪ್ರತಿಯೊಬ್ಬಳೂ ಇದನ್ನು ಬಲ್ಲಳು. ಕಲ್ಲುಗಾರೆಯ ಮನೆಗೆ ಸಲ್ಲುವ ಈ ಮಾತು, ಬಿಡಿಭಾಗಗಳನ್ನು ಕೊಂಡು ಕೈಯಾರೆ ಜೋಡಿಸಿಕೊಳ್ಳುವ ಕಂಪ್ಯೂಟರಿಗೂ ಸಲ್ಲುವುದು. ಆ ಕಂಪ್ಯೂಟರನ್ನು ತಯಾರಕರು ಗೊತ್ತುಮಾಡಿದ ವೇಗಕ್ಕಿಂತಲೂ ಹೆಚ್ಚಾಗಿ ನಡೆಯಿಸಬೇಕೆಂದಿದ್ದರಂತೂ ತಳಹದಿಯ ಬಲವನ್ನು ನೋಡದೆ ಮುಂದುವರಿಯುವುದು ಅಪಾಯಕರ.

ನಮ್ಮ ಶಾಲೆಯನ್ನು ಬಿಟ್ಟುಹೋದ ವಿದ್ಯಾರ್ಥಿನಿಯರಲ್ಲಿ ಈಗ ಇಂಜಿನಿಯರಿಂಗ್, ಕಟ್ಟಡಗಳ ನಕ್ಷೆ, ಚಲಿಸುವ ಚಿತ್ರಗಳ ರಚನೆ, ವೈಜ್ಞಾನಿಕ ಗಣನೆ ಮುಂತಾದ ವಿದ್ಯೆಗಳನ್ನು ಅಭ್ಯಾಸಮಾಡುವವರು ಅನೇಕರಿರುವರು. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಯಂತ್ರವು ಇಂಥ ಕೆಲಸಗಳಿಗೆ ಸಾಲದೆಂದು ತೋರಿ, ಭಾಗಗಳನ್ನು ಬೇರೆಬೇರೆಯಾಗಿ ಕೊಂಡು ತಾವೇ ಜೋಡಿಸಬೇಕೆಂಬ ಆಶೆಯು ಅವರಲ್ಲಿ ಹುಟ್ಟುವುದು ಸಹಜ. ಆಶೆಯು ಒಳ್ಳೆಯದೇ. ಆದರೆ ತಂದೆತಾಯಿಗಳ ಮುಂದೆ ಬರುವ ಲೆಕ್ಕವು ಲಕ್ಷ ರೂಪಾಯಿಗಳ ಆಸುಪಾಸಿನದಾಗಿರುವುದು. ಅನೇಕ ಮನೆಗಳಲ್ಲಿ ಅದು ಬಹುದಿನ ಕೂಡಿಟ್ಟ ಹಣ. ಇನ್ನೊಂದು ಸಂಗತಿಯೂ ಉಂಟು. ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಪೇಟೆಗೆ ಮಗಳೂ ತಂದೆಯೂ ಜೊತೆಯಾಗಿ ಹೋದರೆ, ಮಗಳು ಕೇಳಿದ ಪ್ರಶ್ನೆಗೆ ಮಾರುವವನು ತಂದೆಯ ಮುಖವನ್ನು ನೋಡಿ ಉತ್ತರಕೊಡುವುದು ಇಂದಿಗೂ ಅಪೂರ್ವವಲ್ಲ. ಪ್ರಶ್ನೆಯು ಸರಿಯಾದುದಾದರೆ ಆ ಮುಖವು ತಾನಾಗಿಯೇ ಮಗಳ ಕಡೆಗೆ ತಿರುಗುವುದು. ಕೇಳತಕ್ಕ ಸರಿಯಾದ ಪ್ರಶ್ನೆಗಳಾವುವು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ತಾಯಿಹಲಗೆ ಎಂದರೇನು?

ಕಂಪ್ಯೂಟರಿನ ಪೆಟ್ಟಿಗೆಯನ್ನು ತೆರೆದು ನೋಡಿದರೆ ಒಳಮಗ್ಗುಲಿನಲ್ಲಿ ಒಂದು ದೊಡ್ಡ ಹಲಗೆಯು ಕಾಣುವುದು. ಸಾಮಾನ್ಯವಾಗಿ ಬಳಕೆಯಲ್ಲಿರುವ ದೊಡ್ಡ ಅಳತೆಯದು ೩೦೫ ಮಿಲಿಮೀಟರು ಉದ್ದ, ೨೪೪ ಮಿಲಿಮೀಟರು ಅಗಲವಾಗಿರುವುದು. ಇದಕ್ಕೆ ಮದರ್‌ಬೋರ್ಡು, ಅಂದರೆ ತಾಯಿಹಲಗೆ, ಎಂದು ಹೆಸರು. ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಪದರಗಳ ನಡುವೆ ತಾಮ್ರದ ತೆಳುಹಾಳೆಗಳನ್ನು ಇಟ್ಟು, ಅವುಗಳಲ್ಲಿ ಕೂದಲೆಳೆಯಂಥ ದಾರಿಗಳನ್ನು ಕೊರೆದು ಇದನ್ನು ಮಾಡುವರು. ಸಾಧಾರಣ ಹಲಗೆಯಲ್ಲಿ ತಾಮ್ರದ ಪದರಗಳು ನಾಲ್ಕು ಇದ್ದರೆ, ಉತ್ತಮವಾದವುಗಳಲ್ಲಿ ಆರು, ಎಂಟು ಅಥವಾ ಹೆಚ್ಚು ಇರುವುವು. ಪದರಗಳು ಹೆಚ್ಚಾದಷ್ಟೂ ವಿದ್ಯುತ್ತಿಗೆ ಹರಿಯಲು ಅಗಲವಾದ ದಾರಿಯೂ ಉಷ್ಣಕ್ಕೆ ಹರಡಲು ಸ್ಥಳವೂ ದೊರೆಯುವುವು.

ಲೆಕ್ಕ ಮಾಡುವುದು ಪ್ರೊಸೆಸರು; ನಡೆಯುತ್ತಿರುವ ಕೆಲಸವನ್ನು ನೆನಪಿಟ್ಟುಕೊಳ್ಳುವುದು ಮೆಮರಿ; ಚಿತ್ರವನ್ನು ತೋರಿಸುವುದು ಗ್ರಾಫಿಕ್ಸ್ ಕಾರ್ಡು. ತಾಯಿಹಲಗೆಯು ಇವುಗಳಲ್ಲಿ ಯಾವ ಕೆಲಸವನ್ನೂ ಮಾಡದು. ಆದರೆ ಇವೆಲ್ಲವನ್ನೂ ಒಂದರೊಡನೊಂದು ಮಾತನಾಡಿಸುವುದೂ, ಪ್ರತಿಯೊಂದಕ್ಕೂ ಬೇಕಾದ ವಿದ್ಯುತ್ತನ್ನು ಬೇಕಾದ ಹೊತ್ತಿನಲ್ಲಿ ಬೇಕಾದಷ್ಟೇ ಬಡಿಸುವುದೂ ಅದರ ಕರ್ತವ್ಯ. ಮನೆಯಲ್ಲಿ ತಾಯಿಯು ಮಾಡುವುದೂ ಇದನ್ನೇ ಅಲ್ಲವೇ? ಕಡಮೆ ಬಡಿಸಿದರೆ ಮಕ್ಕಳು ನಿತ್ರಾಣರಾಗುವರು. ಹೆಚ್ಚು ಬಡಿಸಿದರೆ ಅಜೀರ್ಣವಾಗುವುದು. ಈ ಉಪಮಾನವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವುದು ಸುಲಭವಾಗಿ ತಿಳಿಯುವುದು.

ವೇಗವನ್ನು ಹೆಚ್ಚಿಸುವುದರಲ್ಲಿ ಅಡಗಿರುವ ತತ್ತ್ವ

ಪ್ರೊಸೆಸರಿನ ಕೆಲಸವು ಒಂದು ತಾಳಕ್ಕೆ ಸರಿಯಾಗಿ ನಡೆಯುವುದು. ಹಲಗೆಯು ಸೆಕೆಂಡಿಗೆ ಹತ್ತು ಕೋಟಿ ಸಲ, ಅಂದರೆ ೧೦೦ ಮೆಗಾಹರ್ಟ್ಜ್ ಪ್ರಮಾಣದಲ್ಲಿ, ಮೂಲತಾಳವನ್ನು ಕೊಡುವುದು. ಪ್ರೊಸೆಸರು ಅದನ್ನು ಒಂದು ಗುಣಕದಿಂದ ಗುಣಿಸಿಕೊಳ್ಳುವುದು. ಗುಣಕವು ೫೦ ಆದರೆ ಸೆಕೆಂಡಿಗೆ ಐನೂರು ಕೋಟಿ ಮಿಡಿತಗಳಾಗುವುವು. ಇದನ್ನೇ ೫ ಗಿಗಾಹರ್ಟ್ಜ್ ಎನ್ನುವುದು. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಹೊರತಂದ ಮೊದಲನೆಯ ಮನೆಗಂಪ್ಯೂಟರಿನ ವೇಗವು ೪.೭೭ ಮೆಗಾಹರ್ಟ್ಜ್ ಮಾತ್ರವೇ ಆಗಿತ್ತೆಂಬುದನ್ನು ನೆನೆದರೆ ಬೆಳವಣಿಗೆಯು ಎಷ್ಟೆಂಬುದು ತಿಳಿಯುವುದು. ತಯಾರಕರು ನಿಗದಿಮಾಡಿದ ಮಿಡಿತವನ್ನು ಮೀರಿ ನಡೆಯಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಈ ಹವ್ಯಾಸದ ಚರಿತ್ರೆಯಲ್ಲಿ ೧೯೯೮ನೆಯ ವರ್ಷವು ಪ್ರಸಿದ್ಧವಾದುದು. ಆ ವರ್ಷ ಇಂಟೆಲ್ ಸಂಸ್ಥೆಯವರು ಸೆಲೆರಾನ್ ೩೦೦ಎ ಎಂಬ ಅಗ್ಗದ ಪ್ರೊಸೆಸರನ್ನು ಮಾರಾಟಕ್ಕೆ ತಂದರು. ಅದರ ಗುಣಕವು ೪.೫ ಎಂದು ಬಿಗಿಯಲ್ಪಟ್ಟಿತ್ತು. ಮೂಲತಾಳವು ಸುಮಾರು ೬೬ ಮೆಗಾಹರ್ಟ್ಜ್. ಆದರೆ ಮೂಲತಾಳವನ್ನೇ ೧೦೦ಕ್ಕೆ ಏರಿಸಿದರೆ ೩೦೦ರ ಬದಲು ೪೫೦ ಮೆಗಾಹರ್ಟ್ಜ್ ವೇಗವು ದೊರೆಯುತ್ತಿತ್ತು. ಅಂದರೆ ಅನೇಕ ಪಟ್ಟು ಹೆಚ್ಚು ಕ್ರಯದ ಪ್ರೊಸೆಸರಿನ ವೇಗ! ಇದು ಸಾಧ್ಯವಾದುದು ತಾಯಿಹಲಗೆಯಿಂದಲೇ. ಅಬಿಟ್ ಎಂಬ ಸಂಸ್ಥೆಯ ಬಿಎಚ್೬ ಹಲಗೆಯಲ್ಲಿ, ಪೆಟ್ಟಿಗೆಯನ್ನು ಬಿಚ್ಚಿ ಸಣ್ಣ ಸಣ್ಣ ಕೊಂಡಿಗಳನ್ನು ಬದಲಾಯಿಸುವ ಕಷ್ಟವಿಲ್ಲದೆ, ತಾಳವನ್ನೂ ವೋಲ್ಟೇಜನ್ನೂ ಪರದೆಯ ಮೇಲೆಯೇ ಗೊತ್ತುಮಾಡಬಹುದಾಗಿತ್ತು.

ಇದನ್ನು ಕೇಳಿ ಈಗಲೂ ಅರ್ಧಕ್ಕೆ ಅರ್ಧ ವೇಗವು ಪುಕ್ಕಟೆಯಾಗಿ ದೊರೆಯುವುದೆಂದು ಯಾರೂ ಭಾವಿಸಬಾರದು. ಇಂದಿನ ಪ್ರೊಸೆಸರುಗಳು ತಮ್ಮ ಉಷ್ಣವನ್ನೂ ವಿದ್ಯುತ್ತನ್ನೂ ತಾವೇ ಅಳೆದುಕೊಂಡು, ಅವಕಾಶವಿದ್ದಷ್ಟೂ ವೇಗವನ್ನು ತಾವಾಗಿಯೇ ಏರಿಸಿಕೊಳ್ಳುವುವು. ತಯಾರಕರು ಬಿಟ್ಟಿರುವ ಉಳಿಕೆಯು ಬಹಳ ಸ್ವಲ್ಪ. ಕೈಯಿಂದ ಮಾಡುವ ಏರಿಕೆಯಿಂದ ದೊರೆಯುವ ಲಾಭವು ಹಲವು ವೇಳೆ ನೂರಕ್ಕೆ ಕೆಲವೇ ಅಂಶಗಳು.

ಆ ಲಾಭಕ್ಕೆ ತೆರಬೇಕಾದ ಬೆಲೆಯನ್ನೂ ನೋಡೋಣ. ಪ್ರೊಸೆಸರಿನಲ್ಲಿ ವೆಚ್ಚವಾಗುವ ಶಕ್ತಿಯು ವೇಗಕ್ಕೆ ಅನುಗುಣವಾಗಿ ಏರುವುದು. ಆದರೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುವುದು. ವೇಗವನ್ನು ನೂರಕ್ಕೆ ಹತ್ತು ಹೆಚ್ಚಿಸಲು ವೋಲ್ಟೇಜನ್ನೂ ನೂರಕ್ಕೆ ಹತ್ತು ಹೆಚ್ಚಿಸಬೇಕಾಯಿತೆಂದಿಟ್ಟುಕೊಳ್ಳಿರಿ. ಆಗ ೧.೧ನ್ನು ೧.೧ರಿಂದ ಗುಣಿಸಿ, ಮತ್ತೂ ಒಮ್ಮೆ ೧.೧ರಿಂದ ಗುಣಿಸಬೇಕು, ಬರುವ ಲಬ್ಧವು ೧.೩೩೧. ಎಂದರೆ ಹತ್ತು ಅಂಶ ವೇಗಕ್ಕಾಗಿ ಮೂವತ್ತಮೂರು ಅಂಶ ಉಷ್ಣ! ೧೫೦ ವಾಟು ತೆಗೆದುಕೊಳ್ಳುತ್ತಿದ್ದ ಪ್ರೊಸೆಸರು ೨೦೦ ವಾಟು ತೆಗೆದುಕೊಳ್ಳುವುದು. ಈ ಹೆಚ್ಚಿನ ಭಾರವೆಲ್ಲವೂ ಮೊದಲು ತಾಯಿಹಲಗೆಯ ಮೇಲೆಯೇ ಬೀಳುವುದು. ಆದಕಾರಣ ಹಲಗೆಯನ್ನು ಪರೀಕ್ಷಿಸುವಾಗ ಅದು ವೇಗವನ್ನು ಕೊಡುವುದೋ ಎಂದು ಕೇಳುವುದಕ್ಕಿಂತ, ಭಾರವನ್ನು ಎಷ್ಟುಕಾಲ ನೆಮ್ಮದಿಯಿಂದ ಹೊರುವುದು ಎಂದು ಕೇಳತಕ್ಕದ್ದು.

ಒಂದನೆಯ ಪರೀಕ್ಷೆ: ಜೋಡಿಯು ಸರಿಯೇ?

ಮೊದಲು ಪ್ರೊಸೆಸರನ್ನು ಗೊತ್ತುಮಾಡಿಕೊಂಡು, ಆ ಮೇಲೆ ಹಲಗೆಯನ್ನು ಹುಡುಕತಕ್ಕದ್ದು. ಪ್ರೊಸೆಸರು ಕುಳಿತುಕೊಳ್ಳುವ ಗೂಡಿಗೆ ಸಾಕೆಟ್ಟು ಎಂದು ಹೆಸರು. ಒಂದು ಗೂಡಿನ ಪ್ರೊಸೆಸರು ಮತ್ತೊಂದರಲ್ಲಿ ಕುಳಿತುಕೊಳ್ಳದು. ಇಂಟೆಲಿನ ಹನ್ನೆರಡನೆಯ, ಹದಿಮೂರನೆಯ ಮತ್ತು ಹದಿನಾಲ್ಕನೆಯ ತಲೆಮಾರುಗಳಿಗೆ ೧೭೦೦ ಸಂಪರ್ಕಬಿಂದುಗಳ ಗೂಡು. ೨೦೨೪ರಲ್ಲಿ ಬಂದ ಕೋರ್ ಅಲ್ಟ್ರಾ ೨೦೦ ಸಾಲಿಗೆ ೧೮೫೧ ಬಿಂದುಗಳ ಗೂಡು. ಎ.ಎಂ.ಡಿ. ಸಂಸ್ಥೆಯ ರೈಜನ್ ೭೦೦೦ ಮತ್ತು ೯೦೦೦ ಸಾಲುಗಳಿಗೆ ೨೦೨೨ರಲ್ಲಿ ಬಂದ ಎಎಂ೫ ಎಂಬ ಗೂಡು.

ಗೂಡು ಸರಿಯಾದ ಮಾತ್ರಕ್ಕೆ ಜೋಡಿಯು ಸರಿಯಾಗದು. ಹಲಗೆಯ ಮೇಲಿರುವ ಚಿಪ್‌ಸೆಟ್ಟೆಂಬ ಮೇಲ್ವಿಚಾರಕನು ಅನುಮತಿ ಕೊಡಬೇಕು. ಇಂಟೆಲಿನಲ್ಲಿ ಹೆಸರಿನ ಕೊನೆಗೆ ‘ಕೆ’ ಎಂಬ ಅಕ್ಷರವಿರುವ ಪ್ರೊಸೆಸರುಗಳ ಗುಣಕವು ಮಾತ್ರ ಬಿಚ್ಚಲ್ಪಟ್ಟಿರುವುದು. ಅದನ್ನು ಬದಲಾಯಿಸಲು ಜೆಡ್೬೯೦, ಜೆಡ್೭೯೦, ಜೆಡ್೮೯೦ ಎಂಬ ‘ಜೆಡ್’ ವರ್ಗದ ಹಲಗೆಯೇ ಬೇಕು. ‘ಬಿ’ ವರ್ಗದ ಹಲಗೆಯು ಅಗ್ಗವಾಗಿ ದೊರೆತರೂ ಅದರಲ್ಲಿ ಮೆಮರಿಯ ವೇಗವನ್ನು ಏರಿಸಬಹುದೇ ಹೊರತು ಪ್ರೊಸೆಸರಿನ ಗುಣಕವನ್ನಲ್ಲ. ಎ.ಎಂ.ಡಿ.ಯವರು ಇದರಲ್ಲಿ ಹೆಚ್ಚು ಉದಾರಿಗಳು. ಬಿ೬೫೦, ಬಿ೮೫೦ ಎಂಬ ನಡುತರದ ಹಲಗೆಗಳಲ್ಲಿಯೂ ಅನುಮತಿಯುಂಟು. ಆದರೆ ಎ೬೨೦ ಮತ್ತು ಬಿ೮೪೦ ಎಂಬವುಗಳಲ್ಲಿ ಪ್ರೊಸೆಸರಿನ ವೇಗವನ್ನು ಏರಿಸಲಾಗದು. ಬಿ೮೫೦ಕ್ಕೂ ಬಿ೮೪೦ಕ್ಕೂ ಕಣ್ಣಿಗೆ ಒಂದೇ ಅಂಕದ ಭೇದ. ಕೊಂಡಮೇಲೆ ತಿಳಿಯುವ ಭೇದವು ಬಹಳ ದೊಡ್ಡದು. ರಸೀತಿಯನ್ನು ಬರೆಯುವ ಮೊದಲು ಈ ಅಂಕವನ್ನು ಗಟ್ಟಿಯಾಗಿ ಓದಿಸುವುದು ಒಳ್ಳೆಯದು.

ಎರಡನೆಯ ಪರೀಕ್ಷೆ: ವಿದ್ಯುತ್ತನ್ನು ಬಡಿಸುವ ಶಕ್ತಿ

ಇದು ಎಲ್ಲಕ್ಕಿಂತಲೂ ಮುಖ್ಯವಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವೆನು. ಪೆಟ್ಟಿಗೆಯಲ್ಲಿರುವ ಪವರ್ ಸಪ್ಲೈ ಹಲಗೆಗೆ ೧೨ ವೋಲ್ಟಿನ ವಿದ್ಯುತ್ತನ್ನು ಕೊಡುವುದು. ಪ್ರೊಸೆಸರಿಗೆ ಬೇಕಾದುದು ಸುಮಾರು ೧.೨ ವೋಲ್ಟು ಮಾತ್ರ. ಆದರೆ ಅದು ೧೮೦ ವಾಟು ತೆಗೆದುಕೊಳ್ಳುವುದಾದರೆ, ೧.೨ ವೋಲ್ಟಿನಲ್ಲಿ ೧೫೦ ಆಂಪಿಯರು ಪ್ರವಾಹವು ಹರಿಯಬೇಕು. ಸ್ನಾನದ ನೀರು ಕಾಯಿಸುವ ೨,೦೦೦ ವಾಟಿನ ಗೀಸರು ಗೋಡೆಯ ತಂತಿಯಿಂದ ಸೆಳೆಯುವುದು ೯ ಆಂಪಿಯರಿಗಿಂತಲೂ ಕಡಮೆ. ಹಾಗಾದರೆ ಬೆಂಕಿಪೆಟ್ಟಿಗೆಯಷ್ಟು ಅಗಲದ ಒಂದು ಪ್ರೊಸೆಸರಿನೊಳಕ್ಕೆ ೧೫೦ ಆಂಪಿಯರನ್ನು ಹರಿಯಿಸುವುದು ಎಂಥ ಕೆಲಸವೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಈ ಕೆಲಸವನ್ನು ಮಾಡುವ ಭಾಗಕ್ಕೆ ವೋಲ್ಟೇಜ್ ರೆಗ್ಯುಲೇಟರು ಎಂದು ಹೆಸರು. ಪ್ರೊಸೆಸರಿನ ಗೂಡಿನ ಎಡಕ್ಕೂ ಮೇಲಕ್ಕೂ ಸಾಲಾಗಿ ನಿಂತಿರುವ ಚಿಕ್ಕ ಚೌಕಗಳೇ ಅವು. ಅದರ ರೀತಿಯನ್ನು ಒಂದು ದೃಷ್ಟಾಂತದಿಂದ ವಿವರಿಸಬಹುದು. ಒಂದು ತೊಟ್ಟಿಯನ್ನು ಸದಾ ಒಂದೇ ಮಟ್ಟದಲ್ಲಿ ಇಡಬೇಕಾಗಿದೆ. ತಳದಲ್ಲಿ ನೀರು ಹರಿದುಹೋಗುತ್ತಲೇ ಇರುವುದು. ಒಬ್ಬಳೇ ಬಾವಿಯಿಂದ ಸೇದಿ ಹಾಕಿದರೆ ಕೊಡವನ್ನು ಸುರಿದಾಗ ಮಟ್ಟವು ಏರುವುದು, ಮುಂದಿನ ಕೊಡವು ಬರುವಷ್ಟರಲ್ಲಿ ಇಳಿಯುವುದು. ಅವಳೂ ಬೇಗ ದಣಿಯುವಳು. ಹತ್ತು ಮಂದಿ ಸರದಿಯಾಗಿ ಸೇದಿ ಹಾಕಿದರೆ ಮಟ್ಟವು ಅಲುಗದು, ಯಾರೂ ದಣಿಯರು. ಹಲಗೆಯ ಮೇಲೆ ಹೀಗೆ ಸರದಿಯಾಗಿ ದುಡಿಯುವ ಒಂದೊಂದು ಗುಂಪಿಗೂ ಫೇಸ್ ಎನ್ನುವರು. ಪ್ರತಿಯೊಂದು ಫೇಸಿನಲ್ಲಿ ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚುವ ವಿದ್ಯುತ್ಕದವೂ, ಪ್ರವಾಹವನ್ನು ಸಮಗೊಳಿಸುವ ಸುರುಳಿಯೂ ಇರುವುವು. ಕೆಪಾಸಿಟರುಗಳು ತೊಟ್ಟಿಯ ಕೆಲಸವನ್ನು ಮಾಡುವುವು.

ಲೆಕ್ಕದಿಂದ ನೋಡಿದರೆ ಲಾಭವು ಇನ್ನೂ ಸ್ಪಷ್ಟವಾಗುವುದು. ೧೫೦ ಆಂಪಿಯರನ್ನು ಆರು ಫೇಸುಗಳು ಹಂಚಿಕೊಂಡರೆ ಒಂದೊಂದಕ್ಕೆ ೨೫. ಹತ್ತು ಹಂಚಿಕೊಂಡರೆ ೧೫. ತಡೆಯಿಂದ ಹುಟ್ಟುವ ಉಷ್ಣವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ಆರರಲ್ಲಿ ಒಂದೊಂದರ ಉಷ್ಣವು ೬೨೫ ಆದರೆ ಹತ್ತರಲ್ಲಿ ಒಂದೊಂದರದು ೨೨೫. ಎಲ್ಲವನ್ನೂ ಕೂಡಿಸಿದರೆ ಆರರದು ೩,೭೫೦, ಹತ್ತರದು ೨,೨೫೦. ಒಂದೇ ತರದ ಭಾಗಗಳಾದಲ್ಲಿ, ಇಂಥ ಉಷ್ಣವು ಐದರಿಂದ ಮೂರಕ್ಕೆ ಇಳಿದಂತಾಯಿತು. ಒಟ್ಟಿನಲ್ಲಿ ನೂರಕ್ಕೆ ತೊಂಬತ್ತರಷ್ಟು ದಕ್ಷವಾದ ರೆಗ್ಯುಲೇಟರು ಸಹ ೧೮೦ ವಾಟನ್ನು ಒದಗಿಸುವಾಗ ೨೦ ವಾಟನ್ನು ತನ್ನ ಮೈಯಲ್ಲಿಯೇ ಸುಡುವುದು. ರೇಡಿಯೋ ರಿಪೇರಿ ಮಾಡುವವರ ಬೆಸುಗೆಯ ಕಡ್ಡಿಯು ೨೫ ವಾಟಿನದು. ಇದಕ್ಕೆ ಸಮೀಪವಾದ ಉಷ್ಣವು ಹಲಗೆಯ ಒಂದು ಮೂಲೆಯಲ್ಲಿ ಗಂಟೆಗಟ್ಟಲೆ ಹುಟ್ಟುತ್ತಿರುವುದು.

ಇಲ್ಲಿ ಕೊಳ್ಳುವವರು ಮೂರು ವಿಷಯಗಳಲ್ಲಿ ಎಚ್ಚರವಾಗಿರಬೇಕು. ಮೊದಲನೆಯದಾಗಿ, ಪೆಟ್ಟಿಗೆಯ ಮೇಲೆ ‘೧೬+೨’ ಎಂದು ಮುಂತಾಗಿ ಅಚ್ಚುಮಾಡಿರುವ ಸಂಖ್ಯೆಯನ್ನು ಹಾಗೆಯೇ ನಂಬಬಾರದು. ಮೊದಲಿನ ಅಂಕವು ಲೆಕ್ಕಮಾಡುವ ಭಾಗಕ್ಕೆ ಬಡಿಸುವ ಫೇಸುಗಳದು. ಎರಡನೆಯದು ಇತರ ಭಾಗಗಳದು. ಕೆಲವು ವೇಳೆ ಹದಿನಾರೆಂದರೆ ಎಂಟು ಸರದಿಗಳಲ್ಲಿ ಇಬ್ಬಿಬ್ಬರು ಜೊತೆಯಾಗಿ ಸೇದುವರೆಂದು ಅರ್ಥ. ಅದೂ ಕೆಟ್ಟದ್ದಲ್ಲ, ಭಾರವು ಹಂಚಿಹೋಗುವುದು. ಆದರೆ ಹದಿನಾರು ಸರದಿಗಳೆಂದು ತಿಳಿದು ಹಣ ಕೊಡಬೇಕಾಗಿಲ್ಲ. ಎರಡನೆಯದಾಗಿ, ಒಂದೊಂದು ಫೇಸೂ ಎಷ್ಟು ಆಂಪಿಯರಿನದೆಂದು ಕೇಳತಕ್ಕದ್ದು. ೫೦, ೬೦, ೮೦, ೧೧೦ ಎಂದು ಬೇರೆಬೇರೆ ದರ್ಜೆಗಳುಂಟು. ಬರೆದಿರುವ ಅಂಕವು ಗರಿಷ್ಠ ಮಿತಿಯೇ ಹೊರತು ದಿನನಿತ್ಯದ ದುಡಿಮೆಯದಲ್ಲ. ಮೂರನೆಯದಾಗಿ, ಫೇಸುಗಳ ಮೇಲೆ ಕೂರಿಸಿರುವ ಲೋಹದ ತಣಿಸುಗವನ್ನು ಕೈಯಿಂದ ಮುಟ್ಟಿ ನೋಡತಕ್ಕದ್ದು. ತೂಕವಾದ ಅಲ್ಯುಮಿನಿಯಮ್ಮಿನಲ್ಲಿ ಗಾಳಿ ನುಗ್ಗುವಂತೆ ಸೀಳುಗಳಿದ್ದರೆ ಒಳ್ಳೆಯದು. ಮೇಲೆ ಪ್ಲಾಸ್ಟಿಕ್ ಕವಚವನ್ನು ಹೊದಿಸಿ ಚಿತ್ರ ಬಿಡಿಸಿದ್ದರೆ ಅದು ಅಲಂಕಾರವೇ ಹೊರತು ತಣಿಸುವ ಸಾಧನವಲ್ಲ.

ನಮ್ಮ ನಾಡಿನವರು ನೆನಪಿಡಬೇಕಾದ ಮಾತೊಂದುಂಟು. ಹಲಗೆಗಳನ್ನು ಪರೀಕ್ಷಿಸಿ ಬರೆಯುವವರಲ್ಲಿ ಹೆಚ್ಚಿನವರು ೨೦ರಿಂದ ೨೫ ಡಿಗ್ರಿ ಸೆಂಟಿಗ್ರೇಡಿನ ತಂಪಾದ ಕೋಣೆಯಲ್ಲಿ ಕುಳಿತು ಅಳೆಯುವರು. ಮೇ ತಿಂಗಳಿನಲ್ಲಿ ರಾಯಚೂರು, ಕಲಬುರಗಿಗಳಲ್ಲಿ ಹಗಲಿನ ಉಷ್ಣವು ೪೦ನ್ನು ಮೀರುವುದು ಎಲ್ಲರಿಗೂ ತಿಳಿದದ್ದೇ. ಕೋಣೆಯ ಉಷ್ಣವು ಹದಿನೈದು ಡಿಗ್ರಿ ಏರಿದರೆ ಹಲಗೆಯ ಉಷ್ಣವೂ ಹೆಚ್ಚುಕಡಮೆ ಅಷ್ಟೇ ಏರುವುದು. ಅಲ್ಲಿ ೭೫ ತೋರಿದ ರೆಗ್ಯುಲೇಟರು ಇಲ್ಲಿ ೯೦ ತೋರುವುದು. ಮಂಗಳೂರಿನ ಕಡೆಯವರಿಗೆ ಸೆಕೆಯ ಜೊತೆಗೆ ಕಡಲಿನ ತೇವವೂ ಸೇರಿಕೊಳ್ಳುವುದು. ಇದಲ್ಲದೆ ಪ್ರೊಸೆಸರನ್ನು ನೀರಿನ ಕೊಳವೆಗಳಿಂದ ತಣಿಸುವವರು ಇನ್ನೊಂದನ್ನು ಮರೆಯಬಾರದು. ಸಾಮಾನ್ಯ ಫ್ಯಾನು ಪ್ರೊಸೆಸರನ್ನು ತಣಿಸುತ್ತ ಸುತ್ತಲಿನ ರೆಗ್ಯುಲೇಟರಿಗೂ ಗಾಳಿಯನ್ನು ಬೀಸುವುದು. ಕೊಳವೆಗಳನ್ನು ಹಾಕಿದಾಗ ಆ ಗಾಳಿಯು ನಿಂತುಹೋಗುವುದು. ಆಗ ಪೆಟ್ಟಿಗೆಯಲ್ಲಿ ಬೇರೊಂದು ಫ್ಯಾನನ್ನು ಆ ಕಡೆಗೆ ಏರ್ಪಡಿಸಲೇಬೇಕು.

ಮೂರನೆಯ ಪರೀಕ್ಷೆ: ಮೆಮರಿಯ ದಾರಿ

ಮೆಮರಿಯ ಕಡ್ಡಿಗಳಿಗೆ ನಾಲ್ಕು ಗೂಡುಗಳಿದ್ದರೆ ನಾಲ್ಕನ್ನೂ ತುಂಬಬೇಕೆಂದು ತೋರುವುದು ಸಹಜ. ಆದರೆ ವೇಗವನ್ನು ಬಯಸುವವರಿಗೆ ಅದು ಸಲ್ಲದು. ಎಎಂ೫ ಗೂಡಿನ ರೈಜನ್ ೭೦೦೦ ಸಾಲಿನಲ್ಲಿ ಎರಡು ಡಿಡಿಆರ್೫ ಕಡ್ಡಿಗಳನ್ನು ಹಾಕಿದರೆ ತಯಾರಕರು ನಿಗದಿಮಾಡಿದ ವೇಗವು ೫೨೦೦. ನಾಲ್ಕನ್ನು ಹಾಕಿದರೆ ೩೬೦೦ ಮಾತ್ರ. ದಾರಿಯೊಂದಕ್ಕೆ ಕವಲುಗಳು ಹೆಚ್ಚಾದಷ್ಟೂ ಸಂಕೇತಗಳು ಮಾರ್ದನಿಗೊಂಡು ಮಸುಕಾಗುವುದೇ ಇದಕ್ಕೆ ಕಾರಣ. ಆದುದರಿಂದ ೬೪ ಗಿಗಾಬೈಟು ಬೇಕಾದವರು ೧೬ರ ನಾಲ್ಕನ್ನು ಕೊಳ್ಳದೆ ೩೨ರ ಎರಡನ್ನು ಕೊಳ್ಳತಕ್ಕದ್ದು. ಮೆಮರಿಯ ವೇಗವನ್ನೇ ಮುಖ್ಯವೆಂದೆಣಿಸುವವರಿಗೆ ಎರಡೇ ಗೂಡುಗಳುಳ್ಳ ಹಲಗೆಗಳೂ ದೊರೆಯುವುವು. ಹಲಗೆಯ ತಯಾರಕರು ತಾವು ಪರೀಕ್ಷಿಸಿದ ಕಡ್ಡಿಗಳ ಪಟ್ಟಿಯನ್ನು ಪ್ರಕಟಿಸಿರುವರು. ಕೊಳ್ಳುವ ಕಡ್ಡಿಯು ಆ ಪಟ್ಟಿಯಲ್ಲಿರುವುದೇ ಎಂದು ನೋಡಿಕೊಂಡರೆ ಅನೇಕ ತಲೆನೋವುಗಳು ತಪ್ಪುವುವು.

ನಾಲ್ಕನೆಯ ಪರೀಕ್ಷೆ: ಬಿದ್ದಾಗ ಎಬ್ಬಿಸುವ ಏರ್ಪಾಡು

ವೇಗವನ್ನು ಏರಿಸುವ ಪ್ರಯತ್ನದಲ್ಲಿ ಯಂತ್ರವು ಕೆಲವು ಸಲ ಮೂರ್ಛೆಹೋಗುವುದು ನಿಶ್ಚಯ. ಹಲಗೆಯ ಮೂಲಸೂತ್ರಗಳನ್ನು ಇಟ್ಟುಕೊಂಡಿರುವ ಬಯಾಸ್ ಎಂಬುದರಲ್ಲಿ ತಪ್ಪಾದ ಅಂಕವನ್ನು ಬರೆದರೆ ಪರದೆಯೇ ಬೆಳಗದು. ಅಂಥ ಸಮಯಕ್ಕಾಗಿ ಕೆಲವು ಸೌಕರ್ಯಗಳಿರಬೇಕು. ಅಂಕಗಳನ್ನೆಲ್ಲ ಅಳಿಸಿ ಮೊದಲಿನ ಸ್ಥಿತಿಗೆ ತರುವ ಗುಂಡಿಯು ಹಿಂದುಗಡೆಯಲ್ಲಿರುವುದು ಉತ್ತಮ. ಪ್ರೊಸೆಸರು ಇಲ್ಲದೆಯೂ ಪೆನ್ ಡ್ರೈವಿನಿಂದ ಹೊಸ ಬಯಾಸನ್ನು ಬರೆಯುವ ಸೌಕರ್ಯವು ಇನ್ನೂ ಉತ್ತಮ. ದೋಷವು ಎಲ್ಲಿದೆಯೆಂದು ಎರಡು ಅಂಕಗಳಲ್ಲಿ ಅಥವಾ ಚಿಕ್ಕ ದೀಪಗಳಲ್ಲಿ ತೋರಿಸುವ ಏರ್ಪಾಡಿದ್ದರೆ ರಾತ್ರಿಯೆಲ್ಲಾ ಹುಡುಕುವ ಶ್ರಮವು ತಪ್ಪುವುದು. ಬಯಾಸನ್ನು ಬದಲಾಯಿಸುವಾಗ ಕರೆಂಟು ಹೋದರೆ ಹಲಗೆಯು ನಿರ್ಜೀವವಾಗಬಹುದಾದ್ದರಿಂದ ಯು.ಪಿ.ಎಸ್. ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು.

ಲೋಡ್‌ಲೈನ್ ಎಂಬ ಇನ್ನೊಂದು ಸೂಕ್ಷ್ಮವುಂಟು. ನೀರೆತ್ತುವ ಪಂಪನ್ನು ಹಾಕಿದೊಡನೆ ಮನೆಯ ದೀಪವು ಕ್ಷಣಕಾಲ ಮಂಕಾಗುವುದನ್ನು ನೀವು ನೋಡಿರುವಿರಿ. ಪ್ರೊಸೆಸರಿಗೆ ತಟ್ಟನೆ ಕೆಲಸವು ಬಿದ್ದಾಗಲೂ ವೋಲ್ಟೇಜು ಹಾಗೆಯೇ ಕುಗ್ಗುವುದು. ಅದನ್ನು ಎಷ್ಟು ಎತ್ತಿಹಿಡಿಯಬೇಕೆಂಬುದನ್ನು ಒಳ್ಳೆಯ ಹಲಗೆಗಳಲ್ಲಿ ಹಂತಹಂತವಾಗಿ ಗೊತ್ತುಮಾಡಬಹುದು. ಅತಿಯಾಗಿ ಎತ್ತಿಹಿಡಿದರೆ ಕೆಲಸವು ಮುಗಿದ ಕ್ಷಣದಲ್ಲಿ ವೋಲ್ಟೇಜು ಮಿತಿಮೀರಿ ಚಿಮ್ಮುವುದು. ಆದುದರಿಂದ ನಡುವಿನ ಹಂತವೇ ಕ್ಷೇಮ.

ಎರಡು ಎಚ್ಚರಿಕೆಯ ವೃತ್ತಾಂತಗಳು

ತಾಯಿಯು ಅತಿಯಾಗಿ ಬಡಿಸಿದರೆ ಅಜೀರ್ಣವೆಂದು ಹಿಂದೆ ಹೇಳಿದೆನು. ಇದು ಬರಿಯ ಉಪಮಾನವಲ್ಲವೆಂಬುದನ್ನು ಇತ್ತೀಚಿನ ಎರಡು ಪ್ರಸಂಗಗಳು ತೋರಿಸುವುವು.

೨೦೨೩ರ ಏಪ್ರಿಲ್ ತಿಂಗಳಿನಲ್ಲಿ ರೈಜನ್ ೭೦೦೦ ಸಾಲಿನ ಎಕ್ಸ್೩ಡಿ ಪ್ರೊಸೆಸರುಗಳು ಕೆಲವು ತಮ್ಮ ಗೂಡುಗಳಲ್ಲಿಯೇ ಉಬ್ಬಿ ಸುಟ್ಟುಹೋದ ಸಮಾಚಾರವು ಹರಡಿತು. ಮೆಮರಿಯ ವೇಗವನ್ನು ಏರಿಸುವ ಸಿದ್ಧಸೂತ್ರವೊಂದನ್ನು ಆರಿಸಿದಾಗ, ಪ್ರೊಸೆಸರಿನ ಒಂದು ಭಾಗಕ್ಕೆ ಹಲಗೆಗಳು ತಾವಾಗಿಯೇ ಮಿತಿಮೀರಿದ ವೋಲ್ಟೇಜನ್ನು ಕೊಡುತ್ತಿದ್ದುದು ಇದಕ್ಕೆ ಕಾರಣವೆಂದು ಕಂಡುಬಂದಿತು. ಎ.ಎಂ.ಡಿ.ಯವರು ಹೊಸ ಬಯಾಸಿನ ಮೂಲಕ ಆ ವೋಲ್ಟೇಜು ೧.೩ನ್ನು ಮೀರದಂತೆ ಕಟ್ಟುಮಾಡಿದರು. ಇಲ್ಲಿ ಬಳಸುವವರು ಮಾಡಿದ್ದು ಪರದೆಯ ಮೇಲೆ ಒಂದು ಸಾಲನ್ನು ಆರಿಸಿದ್ದು ಮಾತ್ರ.

ಎರಡನೆಯದು ಇಂಟೆಲಿನ ಹದಿಮೂರನೆಯ ಮತ್ತು ಹದಿನಾಲ್ಕನೆಯ ತಲೆಮಾರಿನ ಪ್ರೊಸೆಸರುಗಳದು. ಅವುಗಳಲ್ಲಿ ಶಕ್ತಿಯುತವಾದವು ಕೆಲವು ತಿಂಗಳುಗಳ ದುಡಿಮೆಯ ಮೇಲೆ ಕಾರಣವಿಲ್ಲದೆ ನಿಂತುಹೋಗತೊಡಗಿದುವು. ಪ್ರೊಸೆಸರೇ ಅವಶ್ಯಕ್ಕಿಂತ ಹೆಚ್ಚು ವೋಲ್ಟೇಜನ್ನು ಕೇಳುತ್ತಿದ್ದುದೂ, ಅನೇಕ ಹಲಗೆಗಳು ಶಕ್ತಿಯ ಮಿತಿಯನ್ನು ಇಂಟೆಲ್ ಹೇಳಿದ್ದಕ್ಕಿಂತ ಸಡಿಲವಾಗಿ ಇಟ್ಟಿದ್ದುದೂ ವಿಚಾರಣೆಯಿಂದ ಹೊರಬಿದ್ದುವು. ೨೦೨೪ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಇಂಟೆಲಿನವರು ತಿದ್ದಿದ ಸೂತ್ರಗಳನ್ನು ಹೊರಡಿಸಿ, ಖಾತರಿಯ ಅವಧಿಯನ್ನು ಎರಡು ವರ್ಷ ಹೆಚ್ಚಿಸಿದರು. ಆದರೆ ಆಗಲೇ ಸವೆದುಹೋಗಿದ್ದ ಪ್ರೊಸೆಸರನ್ನು ಯಾವ ಸೂತ್ರವೂ ಗುಣಪಡಿಸದು.

ಇವುಗಳಿಂದ ನಾವು ಕಲಿಯತಕ್ಕ ಪಾಠಗಳು ಎರಡು. ‘ಆಟೋ’ ಎಂದು ಬರೆದಿರುವುದೆಲ್ಲವೂ ಮಿತವಾದುದೆಂದು ನಂಬಬಾರದು. ಯಂತ್ರವನ್ನು ಜೋಡಿಸಿದೊಡನೆ, ಬೇರೆ ಯಾವ ಪ್ರಯೋಗಕ್ಕೂ ಮೊದಲು, ಬಯಾಸನ್ನು ಹೊಸದಾಗಿ ಮಾಡಿಕೊಳ್ಳಬೇಕು. ಹೊಸ ಬಯಾಸುಗಳನ್ನು ಹಲವು ವರ್ಷಗಳವರೆಗೆ ತಪ್ಪದೆ ಹೊರಡಿಸುವ ತಯಾರಕರ ಹಲಗೆಗೆ ಸ್ವಲ್ಪ ಹೆಚ್ಚು ಹಣವನ್ನು ಕೊಟ್ಟರೂ ನಷ್ಟವಿಲ್ಲ.

ವೆಚ್ಚದ ಲೆಕ್ಕ

ಗೋಪುರವನ್ನು ಕಟ್ಟಬೇಕೆನ್ನುವವನು ಮೊದಲು ಕುಳಿತು ವೆಚ್ಚವನ್ನು ಎಣಿಸಬೇಕೆಂಬ ಬುದ್ಧಿಮಾತು ಇಲ್ಲಿ ಬಹಳ ಸಲ್ಲುವುದು. ಹಲಗೆಗಾಗಿ ಪ್ರೊಸೆಸರಿಗಿಂತ ಹೆಚ್ಚು ಹಣವನ್ನು ವೆಚ್ಚಮಾಡುವುದು ನನ್ನ ಅಭಿಪ್ರಾಯದಲ್ಲಿ ಅವಿವೇಕ. ಬಹು ದುಬಾರಿಯಾದ ಹಲಗೆಗೂ ನಡುತರದ ಒಳ್ಳೆಯ ಹಲಗೆಗೂ ವೇಗದಲ್ಲಿ ಕಾಣುವ ಭೇದವು ತೀರ ಅಲ್ಪ. ಬಣ್ಣದ ದೀಪಗಳು, ಚಿತ್ರ ತೋರಿಸುವ ಚಿಕ್ಕ ಪರದೆ, ಎಂದಿಗೂ ತುಂಬದಷ್ಟು ಗೂಡುಗಳು, ಇವುಗಳಿಗೆ ಕೊಡುವ ಹಣವನ್ನು ಒಳ್ಳೆಯ ಪವರ್ ಸಪ್ಲೈಗೂ ತಣಿಸುವ ಸಾಧನಕ್ಕೂ ಕೊಡುವುದು ಲೇಸು. ಅತ್ತಲಾಗಿ ತೀರ ಅಗ್ಗದ ಹಲಗೆಯ ಮೇಲೆ ಭಾರವಾದ ಪ್ರೊಸೆಸರನ್ನು ಕೂರಿಸಿದರೆ, ರೆಗ್ಯುಲೇಟರು ಕಾದು, ಅದನ್ನು ಉಳಿಸುವುದಕ್ಕಾಗಿ ಯಂತ್ರವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಆಗ ಪ್ರೊಸೆಸರಿಗೆ ಕೊಟ್ಟ ಹಣವೂ ವ್ಯರ್ಥವಾದಂತೆಯೇ.

ತಂದೆತಾಯಿಗಳಿಗೆ ಇನ್ನೊಂದು ಮಾತು. ನಿಗದಿಯನ್ನು ಮೀರಿ ನಡೆಯಿಸಿದ್ದರಿಂದ ಆದ ಹಾನಿಗೆ ಖಾತರಿಯು ಅನ್ವಯಿಸದೆಂದು ಪ್ರೊಸೆಸರಿನ ತಯಾರಕರು ಬರೆದಿರುವರು. ಮಗಳಿಗೆ ಈ ಷರತ್ತು ತಿಳಿದಿದೆಯೇ ಎಂದು ಕೇಳಿರಿ. ಕಾಲೇಜಿನ ಪ್ರಬಂಧವೂ ಪರೀಕ್ಷೆಯ ಕೆಲಸವೂ ಇದೇ ಯಂತ್ರದಲ್ಲಿ ನಡೆಯಬೇಕಾಗಿದ್ದರೆ, ನೂರಕ್ಕೆ ಐದು ವೇಗಕ್ಕಿಂತ ನೂರಕ್ಕೆ ನೂರು ನಂಬಿಕೆಯೇ ಬೆಲೆಯುಳ್ಳದ್ದು. ಅಂಥವಳು ಒಳ್ಳೆಯ ಹಲಗೆಯನ್ನು ಕೊಂಡು, ನಿಗದಿಯ ವೇಗದಲ್ಲಿಯೇ ಎರಡು ವರ್ಷ ನಡೆಯಿಸಿ, ಓದು ಮುಗಿದ ಮೇಲೆ ಪ್ರಯೋಗಕ್ಕೆ ಕೈಹಾಕಬಹುದು. ಒಳ್ಳೆಯ ತಳಹದಿಯು ಕಾಯುವುದರಿಂದ ಕೆಡದು.

ಪ್ರಯೋಗವನ್ನು ಮಾಡುವಾಗಲೂ ಕ್ರಮವುಂಟು. ಒಂದು ಸಲಕ್ಕೆ ಒಂದೇ ಅಂಕವನ್ನು ಬದಲಾಯಿಸಿ, ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಯಂತ್ರಕ್ಕೆ ಕೆಲವು ಗಂಟೆಗಳ ಕಠಿಣವಾದ ಕೆಲಸವನ್ನು ಕೊಟ್ಟು, ಉಷ್ಣವನ್ನು ಗಮನಿಸಿದ ಮೇಲೆಯೇ ಮುಂದಿನ ಹೆಜ್ಜೆ ಇಡತಕ್ಕದ್ದು. ವಿಜ್ಞಾನದ ಪ್ರಯೋಗಶಾಲೆಯಲ್ಲಿ ನಮ್ಮ ಉಪಾಧ್ಯಾಯಿನಿಯರು ಕಲಿಸಿದ ಕ್ರಮವೂ ಇದೇ. ಇದನ್ನು ತಾಳ್ಮೆಯಿಂದ ಮಾಡುವವಳಿಗೆ ವೇಗವು ದೊರೆಯದಿದ್ದರೂ ವಿದ್ಯೆಯು ದೊರೆಯುವುದು.

ಆ ವಿದ್ಯೆಗೆ ಇಂದು ನಮ್ಮ ನಾಡಿನಲ್ಲಿಯೇ ಬೆಲೆಯುಂಟು. ಎ.ಎಂ.ಡಿ. ಸಂಸ್ಥೆಯವರು ಲೋಕದಲ್ಲೆಲ್ಲಾ ತಮ್ಮ ಅತಿ ದೊಡ್ಡದಾದ ವಿನ್ಯಾಸಕೇಂದ್ರವನ್ನು ೨೦೨೩ರ ನವೆಂಬರಿನಲ್ಲಿ ತೆರೆದುದು ಬೆಂಗಳೂರಿನಲ್ಲಿ. ಸೂಜಿಗೆ ದಾರವನ್ನು ಪೋಣಿಸುವ ಕೈಗಳು ಪ್ರೊಸೆಸರನ್ನು ಗೂಡಿನಲ್ಲಿ ಇಡುವುದಕ್ಕೂ ತಕ್ಕವೇ. ಎರಡಕ್ಕೂ ಬೇಕಾದುದು ಸ್ಥಿರವಾದ ಬೆರಳು ಮತ್ತು ಆತುರವಿಲ್ಲದ ಮನಸ್ಸು. ಆದಕಾರಣ ಮಗಳು ತಾಯಿಹಲಗೆಯ ಪಟ್ಟಿಯನ್ನು ಹಿಡಿದು ಬಂದಾಗ, ಇದು ನಿನಗೇಕೆಂದು ಕೇಳದೆ, ಇದನ್ನೇ ಏಕೆ ಆರಿಸಿದೆ ಎಂದು ಕೇಳಿರಿ. ಮೇಲೆ ಹೇಳಿದ ನಾಲ್ಕು ಪರೀಕ್ಷೆಗಳಿಗೂ ಅವಳು ಉತ್ತರವನ್ನು ಹೇಳಿದಳಾದರೆ, ಸಂಶಯವನ್ನು ಬಿಟ್ಟು ಹಣವನ್ನು ಅವಳ ಕೈಗೆ ಕೊಡಬಹುದು.